ಫಿನಿಶಿಂಗ್‌ಗೆ ಎಷ್ಟು ಬಿಡಬೇಕು? ವಿಎಂಸಿಯಲ್ಲಿ ಸ್ಟಾಕ್ ಬಿಡುವ ಕೆಲಸ, ಹಂತ ಹಂತವಾಗಿ

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಸುತ್ತಮುತ್ತ ಜಾಬ್ ಶಾಪ್‌ಗಳಲ್ಲಿ ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮೆಷಿನ್) ಓಡಿಸುವ ಹುಡುಗರು ನನಗೆ ಕಳಿಸುವ ಫೋಟೋಗಳು ಮೂರೇ ಬಗೆ. ಒಂದು, ಪಾಕೆಟ್ (ಬ್ಲಾಕ್‌ನಲ್ಲಿ ಕೊರೆದ ಗುಂಡಿ) ಗೋಡೆಯ ಮೇಲೆ ರಫಿಂಗ್‌ನ, ಅಂದರೆ ಮೊದಲ ಒರಟು ಕಟಿಂಗ್‌ನ, ಗೆರೆ ಹಾಗೇ ಉಳಿದಿರುತ್ತದೆ. ಎರಡು, ಮೂಲೆಯಲ್ಲಿ ಅಲೆ ಅಲೆಯಾಗಿ ಚಾಟರ್ ಗುರುತು, ಅಂದರೆ ಟೂಲ್ ನಡುಗಿದ ಗುರುತು. ಮೂರು, ಮೆಷಿನ್ ಮೇಲೆ ಸರಿ ಇದ್ದ ಅಳತೆ, ಜಾಬ್ ಹಿಡಿದ ವೈಸ್ ಬಿಚ್ಚಿದ ಮೇಲೆ ಔಟ್. ಮೂರಕ್ಕೂ ಕೆಳಗೆ ಬರೆಯುವ ಪ್ರಶ್ನೆ ಒಂದೇ: "ಅಣ್ಣಾ, ಫಿನಿಶಿಂಗ್‌ಗೆ ಎಷ್ಟು ಬಿಡಬೇಕು?" ಅಂದರೆ, ಕೊನೆಯ ಅಳತೆಗೆ ಕತ್ತರಿಸುವ ಫಿನಿಶಿಂಗ್ ಪಾಸ್‌ಗೆ ರಫಿಂಗ್‌ನಲ್ಲಿ ಎಷ್ಟು ಮಾಲು (ಸ್ಟಾಕ್) ಉಳಿಸಬೇಕು ಅಂತ.

ಅಂಕಿ ಕೆಳಗೆ ಕೊಟ್ಟಿದ್ದೇನೆ. ಆದರೆ ಬರೀ ಅಂಕಿ ಇಟ್ಟುಕೊಂಡು ಹೋದರೆ ಮತ್ತೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಎಷ್ಟು ಬಿಟ್ಟಿರಿ ಅನ್ನುವುದಕ್ಕಿಂತ, ಎಲ್ಲ ಕಡೆ ಒಂದೇ ಸಮ ಬಿಟ್ಟಿದ್ದೀರಾ ಅನ್ನುವುದು ಮುಖ್ಯ. ಒಂದು ಕಡೆ 0.1, ಇನ್ನೊಂದು ಕಡೆ 0.4, ಮೂಲೆಯಲ್ಲಿ 1 ಮಿಮೀ ಉಳಿದಿದ್ದರೆ ಎಷ್ಟೇ ಒಳ್ಳೆಯ ಎಂಡ್ ಮಿಲ್ (ಬದಿಯಲ್ಲೂ ತುದಿಯಲ್ಲೂ ಕತ್ತರಿಸುವ ಟೂಲ್) ಹಾಕಿದರೂ ಗೋಡೆ ನೇರ ಬರುವುದಿಲ್ಲ.

ಒಂದೇ ಜಾಬ್ ಇಟ್ಟುಕೊಂಡು ಹೇಳುತ್ತೇನೆ. 6061 ಅಲ್ಯೂಮಿನಿಯಂ, 120 × 80 × 30 ಮಿಮೀ ಬ್ಲಾಕ್. ಮಧ್ಯದಲ್ಲಿ 70 ಉದ್ದ, 40 ಅಗಲ, 20 ಆಳದ ಪಾಕೆಟ್. ಮೂಲೆ ಆರ್6, ಅಂದರೆ 6 ಮಿಮೀ ರೇಡಿಯಸ್. ಅಗಲಕ್ಕೆ ಟಾಲರೆನ್ಸ್ (ಒಪ್ಪುವ ವ್ಯತ್ಯಾಸ) ಪ್ಲಸ್ 0.025, ಮೈನಸ್ ಸೊನ್ನೆ. ಬೊಮ್ಮಸಂದ್ರ, ಜಿಗಣಿ ಕಡೆಯಿಂದ ಇಲ್ಲಿಗೆ ಬರುವ ಡ್ರಾಯಿಂಗ್‌ಗಳಲ್ಲಿ ಇಂಥದ್ದು ದಿನಕ್ಕೊಂದು ಇರುತ್ತದೆ.

## ಮೊದಲು ಟೇಬಲ್ ಮೇಲೆ ಇರಬೇಕಾದ್ದು

ರಫಿಂಗ್‌ಗೆ 16 ಮಿಮೀ ಇನ್ಸರ್ಟ್ ಕಟ್ಟರ್ (ಬದಲಿಸಬಹುದಾದ ಕತ್ತರಿಸುವ ತುಂಡು, ಅಂದರೆ ಇನ್ಸರ್ಟ್, ಕೂರಿಸಿದ್ದು). ಮೂಲೆಗೆ 8 ಮಿಮೀ ಎಂಡ್ ಮಿಲ್. ಫಿನಿಶಿಂಗ್‌ಗೆ 10 ಮಿಮೀ ಕಾರ್ಬೈಡ್ ಎಂಡ್ ಮಿಲ್. ಈ ಕೊನೆಯದನ್ನು ಫಿನಿಶಿಂಗ್‌ಗೆ ಮಾತ್ರ ಇಡಿ. ರಫಿಂಗ್ ಮಾಡಿದ ಟೂಲ್‌ನಲ್ಲೇ ಫಿನಿಶಿಂಗ್ ಮಾಡಿದರೆ ಅದರ ತುದಿ ಸವೆದಿರುತ್ತದೆ. ಗೋಡೆಯ ಕೆಳಭಾಗ ಒಂದು ಥರ, ಮೇಲ್ಭಾಗ ಇನ್ನೊಂದು ಥರ ಬರುತ್ತದೆ.

ಅಳೆಯಲು ಪಪ್ಪಿ ಡಯಲ್ (ಚಿಕ್ಕ ಲಿವರ್ ಡಯಲ್ ಗೇಜ್), ಮೈಕ್ರೋಮೀಟರ್, ಬೋರ್ ಗೇಜ್ ಅಥವಾ ಸ್ಲಿಪ್ ಗೇಜ್ (ನಿಖರ ಅಳತೆಯ ಬಿಲ್ಲೆ) ಬೇಕು. ವರ್ನಿಯರ್ ಸಾಲದು. 0.025 ಟಾಲರೆನ್ಸ್‌ಗೆ 0.02 ಲೀಸ್ಟ್ ಕೌಂಟ್ ಇರುವ ವರ್ನಿಯರ್ ಹಿಡಿದರೆ ಅದು ಅಳತೆಯಲ್ಲ, ಊಹೆ. ಜೊತೆಗೆ ಏರ್ ಗನ್, ಒರೆಸಲು ಬನಿಯನ್ ವೇಸ್ಟ್, ನೈಲಾನ್ ಸುತ್ತಿಗೆ, ಒಂದು ಪೆನ್, ಸೆಟಪ್ ಶೀಟ್.

## ಹಂತ 1: ರನೌಟ್ ನೋಡಿ, ಟೂಲ್ ಗಿಡ್ಡ ಹಿಡಿಯಿರಿ

ಟೂಲ್ ಹಿಡಿಯುವ ಕಾಲೆಟ್ ಒಳಗೆ ಒಂದು ಚಿಪ್ (ಕತ್ತರಿಸಿದ ಲೋಹದ ಸಿಪ್ಪೆ) ಕೂತಿದ್ದರೂ ಟೂಲ್ ಓರೆಯಾಗಿ ತಿರುಗುತ್ತದೆ. ಇದೇ ರನೌಟ್. ಕಾಲೆಟ್, ನಟ್, ಹೋಲ್ಡರ್ ಟೇಪರ್ ಮೂರನ್ನೂ ಒರೆಸಿ. ಟೂಲ್ ಶಾಂಕ್‌ಗೆ ಪಪ್ಪಿ ಡಯಲ್ ಇಟ್ಟು ಸ್ಪಿಂಡಲ್ ಅನ್ನು ಕೈಯಲ್ಲಿ ತಿರುಗಿಸಿ. ಫಿನಿಶಿಂಗ್ ಟೂಲ್‌ಗೆ 0.01 ಮಿಮೀ ಒಳಗೆ ಇರಲಿ. ಜಾಸ್ತಿ ಬಂದರೆ ಕಾಲೆಟ್ ಬಿಚ್ಚಿ ಟೂಲ್ ಅನ್ನು ಸ್ವಲ್ಪ ತಿರುಗಿಸಿ ಮತ್ತೆ ಹಿಡಿಯಿರಿ.

ಟೂಲ್ ಎಷ್ಟು ಹೊರಗೆ ಚಾಚಿದೆ ಅನ್ನುವುದು ಇದಕ್ಕಿಂತ ದೊಡ್ಡ ವಿಷಯ. ಚಾಚಿದ ಉದ್ದ ಎರಡು ಪಟ್ಟಾದರೆ, ಅದೇ ಒತ್ತಡಕ್ಕೆ ಟೂಲ್ ಬಾಗುವುದು ಎಂಟು ಪಟ್ಟಾಗುತ್ತದೆ. 20 ಆಳದ ಪಾಕೆಟ್‌ಗೆ 25 ಮಿಮೀ ಹೊರಗಿದ್ದರೆ ಸಾಕು. "ಇರಲಿ, ಮುಂದಿನ ಜಾಬ್‌ಗೂ ಆಗುತ್ತೆ" ಅಂತ 50 ಬಿಟ್ಟರೆ ಕೆಳಗಿನ ಯಾವ ಅಂಕಿಯೂ ನಿಮ್ಮ ಮೆಷಿನ್‌ಗೆ ಹೊಂದುವುದಿಲ್ಲ.

## ಹಂತ 2: ಎಷ್ಟು ಬಿಡಬೇಕು ಅಂತ ತೀರ್ಮಾನಿಸಿ

ಬಿಟ್ಟ ಸ್ಟಾಕ್‌ಗೆ ಮೇಲೊಂದು ಮಿತಿ, ಕೆಳಗೊಂದು ಮಿತಿ ಇದೆ.

ಕೆಳಗಿನ ಮಿತಿಗೆ ಎರಡು ಕಾರಣ. ಮೊದಲನೆಯದು, ರಫಿಂಗ್ ಮಾಡಿದ ಎಲ್ಲ ತಪ್ಪನ್ನೂ ಈ ಪದರ ಮುಚ್ಚಬೇಕು. ಗೆರೆ, ಬಾಗಿದ ಗೋಡೆ, ಮೆಟ್ಟಿಲು ಎಲ್ಲವೂ ಇದರೊಳಗೇ ಮುಗಿಯಬೇಕು. ಎರಡನೆಯದನ್ನು ತುಂಬ ಜನ ಯೋಚಿಸುವುದೇ ಇಲ್ಲ. ಟೂಲ್‌ನ ಅಂಚು ನಮ್ಮ ಕಣ್ಣಿಗೆ ಚೂಪು. ಆದರೆ ಅದಕ್ಕೂ ಕೆಲವು ಮೈಕ್ರಾನ್ ದುಂಡಗಿನ ತುದಿ ಇರುತ್ತದೆ. ಚಿಪ್ ಅದಕ್ಕಿಂತ ತೆಳುವಾದರೆ ಟೂಲ್ ಕತ್ತರಿಸುವುದಿಲ್ಲ, ಉಜ್ಜುತ್ತದೆ.

ಲೆಕ್ಕ ನೋಡಿ. 10 ಮಿಮೀ ಟೂಲ್, ಒಂದು ಹಲ್ಲಿಗೆ 0.05 ಫೀಡ್ (ಟೂಲ್ ಮುಂದೆ ಸಾಗುವುದು). ಗೋಡೆಯಲ್ಲಿ 0.2 ಉಳಿದಿದ್ದರೆ ಚಿಪ್‌ನ ದಪ್ಪ ಹೆಚ್ಚೆಂದರೆ 0.014 ಮಿಮೀ. 0.05 ಮಾತ್ರ ಉಳಿದಿದ್ದರೆ 0.007. ಅಂದರೆ 7 ಮೈಕ್ರಾನ್. ಅಲ್ಲಿಗೆ ಟೂಲ್ ಜಾರಲು ಶುರು. ಸೇಫ್ ಆಗಿರಲಿ ಅಂತ ಕಡಿಮೆ ಬಿಟ್ಟು, ಮೇಲಿಂದ ಫೀಡ್ ಕೂಡ ಇಳಿಸುತ್ತಾರಲ್ವಾ, ಅದು ಎರಡು ಪಟ್ಟು ತಪ್ಪು.

ಮೇಲಿನ ಮಿತಿ ಸುಲಭ. ಜಾಸ್ತಿ ಬಿಟ್ಟರೆ ಟೂಲ್ ಮೇಲೆ ಒತ್ತಡ ಜಾಸ್ತಿ, ಟೂಲ್ ಬಾಗುತ್ತದೆ, ಗೋಡೆ ಓರೆಯಾಗುತ್ತದೆ.

ನಾನು ಶುರು ಮಾಡುವ ಅಂಕಿಗಳು ಇವು. ಎಲ್ಲವೂ ಒಂದು ಬದಿಗೆ:

- 6061, 6082 ಅಲ್ಯೂಮಿನಿಯಂ: ಗೋಡೆಗೆ 0.2ರಿಂದ 0.3, ತಳಕ್ಕೆ 0.15ರಿಂದ 0.2.
- ಎಂಎಸ್ (ಮೈಲ್ಡ್ ಸ್ಟೀಲ್), ಇಎನ್8 (ಮೀಡಿಯಂ ಕಾರ್ಬನ್ ಸ್ಟೀಲ್): ಗೋಡೆಗೆ 0.15ರಿಂದ 0.25, ತಳಕ್ಕೆ 0.1ರಿಂದ 0.15.
- ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್): ಗೋಡೆಗೆ 0.2ರಿಂದ 0.3. ಯಾವತ್ತೂ 0.1ಕ್ಕಿಂತ ಕೆಳಗೆ ಬೇಡ.
- ಎರಕದ ಕಬ್ಬಿಣ: ಮೇಲಿನ ಗಟ್ಟಿ ಚರ್ಮ ರಫಿಂಗ್‌ನಲ್ಲೇ ಪೂರ್ತಿ ಹೋಗಬೇಕು. ಆಮೇಲೆ ಫೇಸ್‌ಗೆ 0.3ರಿಂದ 0.5.
- 50 ಎಚ್‌ಆರ್‌ಸಿ (ರಾಕ್‌ವೆಲ್ ಗಡಸುತನ) ಮೇಲಿನ ಹಾರ್ಡ್ ಸ್ಟೀಲ್: 0.05ರಿಂದ 0.1.

ಇವು 10, 12 ಮಿಮೀ ಟೂಲ್‌ಗೆ. ಚಿಕ್ಕ ಟೂಲ್ ಆದರೆ ವ್ಯಾಸದ 2ರಿಂದ 3 ಶೇಕಡಾ ಅಂತ ಹಿಡಿಯಿರಿ. 4 ಮಿಮೀ ಟೂಲ್‌ಗೆ 0.3 ಬಿಟ್ಟರೆ ಅದು ಫಿನಿಶಿಂಗ್ ಪಾಸ್ ಆಗಿ ಉಳಿಯುವುದಿಲ್ಲ.

304ರ ಬಗ್ಗೆ ಇನ್ನೊಂದು ಮಾತು. ಶುರುವಿನ ದಿನಗಳಲ್ಲಿ ನಾನೇ ಒಂದು ಪ್ಲೇಟ್‌ಗೆ 0.03 ಬಿಟ್ಟು ಫಿನಿಶಿಂಗ್ ಹಾಕಿದ್ದೆ. ಟೂಲ್ ಉಜ್ಜಿತು. ಉಜ್ಜಿದ ಜಾಗ ಗಟ್ಟಿಯಾಯಿತು. ಮುಂದಿನ ಪಾಸ್ ಆ ಗಟ್ಟಿ ಪದರದ ಮೇಲೆ ಹೋಗಿ ಹೊಸ ಟೂಲ್‌ನ ಅಂಚು ಕಿತ್ತುಹೋಯಿತು. ಸ್ಟೇನ್‌ಲೆಸ್ ಉಜ್ಜಿದಷ್ಟೂ ಗಟ್ಟಿಯಾಗುವ ಲೋಹ. ಅಲ್ಲಿ ಟೂಲ್ ಆ ಪದರದ ಕೆಳಗೆ ಇಳಿದೇ ಕತ್ತರಿಸಬೇಕು.

ನಮ್ಮ ಜಾಬ್‌ಗೆ ಗೋಡೆಗೆ 0.25, ತಳಕ್ಕೆ 0.15 ಅಂತ ಇಟ್ಟುಕೊಳ್ಳೋಣ.

## ಹಂತ 3: ಕ್ಯಾಮ್‌ನಲ್ಲಿ ಹಾಕುವಾಗ

ಕ್ಯಾಮ್ ಅಂದರೆ ಟೂಲ್ ಓಡುವ ದಾರಿ ಲೆಕ್ಕ ಹಾಕಿ ಪ್ರೋಗ್ರಾಮ್ ಮಾಡುವ ಸಾಫ್ಟ್‌ವೇರ್. ಅದರಲ್ಲಿ ಗೋಡೆಯ ಸ್ಟಾಕ್, ತಳದ ಸ್ಟಾಕ್ ಎರಡೂ ಬೇರೆ ಬೇರೆ ಬಾಕ್ಸ್. ಬೇರೆ ಬೇರೆಯಾಗಿಯೇ ತುಂಬಿ. ಇಲ್ಲಿ ಮೂರು ತಪ್ಪು ಪದೇ ಪದೇ ಆಗುತ್ತವೆ.

ಲೇತ್‌ನಿಂದ ವಿಎಂಸಿಗೆ ಬಂದವರು ಡಯಾ ಲೆಕ್ಕದಲ್ಲಿ ಯೋಚಿಸುತ್ತಾರೆ. ಟರ್ನಿಂಗ್‌ನಲ್ಲಿ 0.5 ಅಂದರೆ ಡಯಾ ಮೇಲೆ 0.5, ಬದಿಗೆ 0.25. ಮಿಲ್ಲಿಂಗ್ ಕ್ಯಾಮ್‌ನಲ್ಲಿ 0.5 ಹಾಕಿದರೆ ಬದಿಗೇ 0.5. ಪಾಕೆಟ್ ಅಗಲದಲ್ಲಿ ಒಟ್ಟು 1 ಮಿಮೀ ಕಡಿಮೆ.

ಎರಡನೆಯದು ರಫಿಂಗ್ ಟಾಲರೆನ್ಸ್, ಅಂದರೆ ಕ್ಯಾಮ್ ಹಾಕುವ ಪಾತ್ ಎಷ್ಟು ಆಚೀಚೆ ಆಗಬಹುದು ಅನ್ನುವುದು. 3ಡಿ ರಫಿಂಗ್ ಬೇಗ ಲೆಕ್ಕ ಹಾಕಲಿ ಅಂತ ಟಾಲರೆನ್ಸ್ 0.1 ಇಟ್ಟಿರುತ್ತಾರೆ. ಸ್ಟಾಕ್ ಕೂಡ 0.1 ಬಿಟ್ಟರೆ ಕೆಲವು ಕಡೆ ಏನೂ ಉಳಿಯದೇ ಹೋಗಬಹುದು. ಟಾಲರೆನ್ಸ್ ಮತ್ತು ಸ್ಮೂಥಿಂಗ್ ಎರಡೂ ಸೇರಿ ಸ್ಟಾಕ್‌ನ ಕಾಲು ಭಾಗದ ಒಳಗೆ ಇರಲಿ.

ಮೂರನೆಯದು ಕಾಪಿ ಮಾಡುವ ತಪ್ಪು. ರಫಿಂಗ್ ಆಪರೇಷನ್ ಕಾಪಿ ಮಾಡಿ ಫಿನಿಶಿಂಗ್ ಅಂತ ಹೆಸರು ಬದಲಿಸುತ್ತೀರಿ. ಒಳಗೆ ಸ್ಟಾಕ್ 0.25 ಹಾಗೇ ಕೂತಿರುತ್ತದೆ. ಸಿಮ್ಯುಲೇಷನ್‌ನಲ್ಲಿ ಬಣ್ಣ ಚೆನ್ನಾಗೇ ಕಾಣುತ್ತದೆ, ಅಳತೆ ಬರುವುದಿಲ್ಲ. ಪೋಸ್ಟ್ ಮಾಡುವ (ಮೆಷಿನ್‌ಗೆ ಪ್ರೋಗ್ರಾಮ್ ಹೊರತೆಗೆಯುವ) ಮುಂಚೆ ಫಿನಿಶಿಂಗ್ ಆಪರೇಷನ್ ತೆರೆದು, ಹಂತ 7ರಲ್ಲಿ ಬೇಕೆಂದೇ ಇಡುವ 0.3, 0.02 ಬಿಟ್ಟರೆ, ಎರಡೂ ಬಾಕ್ಸ್‌ನಲ್ಲಿ ಸೊನ್ನೆ ಇದೆಯಾ ಅಂತ ಕಣ್ಣಾರೆ ನೋಡಿ.

## ಹಂತ 4: ರಫಿಂಗ್, ಕ್ಲೈಂಬ್‌ನಲ್ಲೇ

ಗೋಡೆಯ ಪಕ್ಕದ ಕೊನೆಯ ಸುತ್ತು ಕ್ಲೈಂಬ್ ಆಗಿರಲಿ. ಕ್ಲೈಂಬ್ ಅಂದರೆ ಹಲ್ಲು ದಪ್ಪ ಚಿಪ್‌ನಿಂದ ಶುರು ಮಾಡಿ ತೆಳುವಾಗಿ ಮುಗಿಸುವ ದಿಕ್ಕು, ಕನ್ವೆನ್ಷನಲ್ ಅದರ ಉಲ್ಟಾ. ಕ್ಲೈಂಬ್‌ನಲ್ಲಿ ಕಟ್ಟರ್ ಗೋಡೆಯಿಂದ ದೂರ ತಳ್ಳಿಸಿಕೊಳ್ಳುತ್ತದೆ. ಸ್ಟಾಕ್ ಸ್ವಲ್ಪ ಜಾಸ್ತಿ ಉಳಿಯುತ್ತದೆ, ಅಷ್ಟೇ. ಕನ್ವೆನ್ಷನಲ್‌ನಲ್ಲಿ ಕಟ್ಟರ್ ಗೋಡೆಯ ಒಳಕ್ಕೆ ಎಳೆದುಕೊಳ್ಳುತ್ತದೆ. ನೀವು 0.25 ಬಿಟ್ಟಿದ್ದೇನೆ ಅಂದುಕೊಂಡಿರುತ್ತೀರಿ, ಅಲ್ಲಿ 0.1 ಇರುತ್ತದೆ. ಹಾಗೆ ಕಡಿಮೆಯಾದದ್ದನ್ನು ವಾಪಸ್ ತರಲು ಆಗುವುದಿಲ್ಲ.

ಮೊದಲ ಪೀಸ್ ರಫಿಂಗ್ ಆದ ಮೇಲೆ ನಿಲ್ಲಿಸಿ. ಪಪ್ಪಿ ಡಯಲ್ ಅನ್ನು ಸ್ಪಿಂಡಲ್‌ಗೆ ಹಿಡಿದು ಗೋಡೆಯ ಮೇಲಿಂದ ಕೆಳಕ್ಕೆ ಇಳಿಸಿ. ಮುಳ್ಳು ಎಷ್ಟು ಓಡುತ್ತದೆ ನೋಡಿ. 0.05 ಓಡಿದರೆ 0.25 ಸ್ಟಾಕ್ ಆರಾಮ. 0.15 ಓಡಿದರೆ ಸ್ಟಾಕ್ ಹೆಚ್ಚಿಸುವುದಲ್ಲ, ರಫಿಂಗ್ ಅನ್ನೇ ಸರಿ ಮಾಡಬೇಕು. ಇನ್ಸರ್ಟ್ ಬದಲಿಸಿ, ಸ್ಟೆಪ್ ಡೌನ್ (ಒಂದು ಸಲಕ್ಕೆ ಇಳಿಯುವ ಆಳ) ಕಡಿಮೆ ಮಾಡಿ. ಗೋಡೆಯ ಸ್ಟಾಕ್ ರಫಿಂಗ್ ತಪ್ಪಿನ ಎರಡು ಪಟ್ಟಾದರೂ ಇರಬೇಕು.

## ಹಂತ 5: ಮೂಲೆ. ಎಲ್ಲರೂ ಬೀಳುವುದು ಇಲ್ಲೇ

ಇದನ್ನು ನಿಧಾನವಾಗಿ ಓದಿ.

ರಫಿಂಗ್ ಮಾಡಿದ್ದು 16 ಮಿಮೀ ಕಟ್ಟರ್, ಅಂದರೆ ಆರ್8. ಮೂಲೆ ಬೇಕಾಗಿರುವುದು ಆರ್6. 16ರ ಕಟ್ಟರ್ ಮೂಲೆಯ ಒಳಗೆ ಹೋಗಲು ಆಗುವುದಿಲ್ಲ. ಗೋಡೆಯಲ್ಲಿ 0.25 ಇರುವಾಗ ಮೂಲೆಯ ನಡುವಿನಲ್ಲಿ ಉಳಿಯುವುದು ಸುಮಾರು 1.2 ಮಿಮೀ. ಐದು ಪಟ್ಟಿಗೆ ಹತ್ತಿರ! ನೀವು ಕ್ಯಾಮ್‌ನಲ್ಲಿ ಹಾಕಿದ ಅಂಕಿ ಗೋಡೆಗೆ ಮಾತ್ರ ನಿಜ, ಮೂಲೆಗೆ ಅಲ್ಲ.

ಮೇಲಿಂದ ಇನ್ನೊಂದು ತೊಂದರೆ. ಆರ್6 ಮೂಲೆಯಲ್ಲಿ 10 ಮಿಮೀ ಟೂಲ್ ತಿರುಗುವಾಗ ಟೂಲ್‌ನ ಸೆಂಟರ್ ಬರೀ ಆರ್1 ಕಮಾನಿನಲ್ಲಿ ಹೋಗುತ್ತದೆ. ಗೋಡೆಗೆ ತಾಗಿದ ಅಂಚು ಆರ್6 ಕಮಾನಿನಲ್ಲಿ. ಪ್ರೋಗ್ರಾಮ್‌ನ ಫೀಡ್ ಸೆಂಟರ್‌ಗೆ ಕೊಟ್ಟಿದ್ದರೆ ಅಂಚಿನ ಫೀಡ್ ಆರು ಪಟ್ಟು. ಸ್ಟಾಕ್ ಐದು ಪಟ್ಟು, ಫೀಡ್ ಆರು ಪಟ್ಟು. ಟೂಲ್ ಕಿರುಚದೇ ಇನ್ನೇನು ಮಾಡೀತು?

ಹಾಗಾಗಿ 8 ಮಿಮೀ ಎಂಡ್ ಮಿಲ್‌ನಲ್ಲಿ ನಾಲ್ಕು ಮೂಲೆಯನ್ನು ಮೊದಲೇ ತೆಗೆಯಿರಿ. ಗೋಡೆಗೆ ಬಿಟ್ಟ ಅದೇ 0.25 ಮೂಲೆಯಲ್ಲೂ ಉಳಿಯುವಂತೆ. ಆಳವನ್ನು ಮೂರು ನಾಲ್ಕು ಸ್ಟೆಪ್‌ನಲ್ಲಿ ಇಳಿಸಿ. ಕ್ಯಾಮ್‌ನಲ್ಲಿ ಇದಕ್ಕೆ ರೆಸ್ಟ್ ಮಷೀನಿಂಗ್ ಅನ್ನುತ್ತಾರೆ. ಕೈಯಲ್ಲಿ ಪ್ರೋಗ್ರಾಮ್ ಬರೆಯುವವರು ಮೂಲೆಗೊಂದು ಚಿಕ್ಕ ಲೂಪ್ ಬರೆದರೆ ಸಾಕು.

ಅದೇ ಟೂಲ್‌ನಲ್ಲಿ ತಳದ ಅಂಚಿನ ಸುತ್ತ ಒಂದು ಸುತ್ತು ಹೊಡೆಯಿರಿ. ರಫಿಂಗ್ ಇನ್ಸರ್ಟ್‌ಗೆ ಸಾಮಾನ್ಯವಾಗಿ ಆರ್0.8 ಇರುತ್ತದೆ. ಗೋಡೆ ಮತ್ತು ತಳ ಸೇರುವಲ್ಲಿ ಅದು ಒಂದು ದುಂಡಗಿನ ದಂಡೆ ಬಿಟ್ಟಿರುತ್ತದೆ. ಅದು ಹಾಗೇ ಇದ್ದರೆ ಫಿನಿಶಿಂಗ್ ಟೂಲ್‌ನ ತುದಿ ಮೊದಲು ಅದಕ್ಕೇ ಗುದ್ದುತ್ತದೆ. ಎಂಡ್ ಮಿಲ್‌ಗಳ ತುದಿ ಮೂಲೆ ಮುರಿಯುವುದು ಬಹಳ ಸಲ ಇದರಿಂದಲೇ.

ಫಿನಿಶಿಂಗ್ ಪ್ರೋಗ್ರಾಮ್‌ನಲ್ಲಿ ಮೂಲೆಯ ಕಮಾನಿಗೆ ಮಾತ್ರ ಬೇರೆ ಎಫ್ (ಫೀಡ್ ಅಂಕಿ) ಕೊಟ್ಟು ಫೀಡ್ ಇಳಿಸಿ. ಪೂರ್ತಿ ಆರರಲ್ಲಿ ಒಂದಕ್ಕೆ ಇಳಿಸಿದರೆ ಟೂಲ್ ನಿಂತಂತಾಗಿ ಗುರುತು ಬೀಳಬಹುದು. ನಾನು ಕಾಲು ಭಾಗಕ್ಕೆ ಇಳಿಸಿ ಶುರು ಮಾಡುತ್ತೇನೆ.

## ಹಂತ 6: ವೈಸ್ ಸಡಿಲಿಸಿ, ಮತ್ತೆ ಹಿಡಿಯಿರಿ

ರಫಿಂಗ್‌ಗೆ ಗಟ್ಟಿಯಾಗಿ ಹಿಡಿದಿರುತ್ತೀರಿ, ಸರಿ. ಮಧ್ಯದ ಮಾಲು ಹೋದ ಮೇಲೆ ಉಳಿದ ಗೋಡೆ ಆ ಒತ್ತಡಕ್ಕೆ ಒಳಕ್ಕೆ ಬಾಗಿರುತ್ತದೆ. ಹಾಗೇ ಫಿನಿಶಿಂಗ್ ಮಾಡಿದರೆ ಮೆಷಿನ್ ಮೇಲೆ ಅಳತೆ ಸರಿ. ಬಿಚ್ಚಿದ ತಕ್ಷಣ ಗೋಡೆ ಹೊರಕ್ಕೆ ಬಂದು ಪಾಕೆಟ್ ದೊಡ್ಡದಾಗುತ್ತದೆ. ಮೂರನೇ ಬಗೆಯ ಫೋಟೋ ಬರುವುದು ಇಲ್ಲಿಂದ.

ವೈಸ್ ಪೂರ್ತಿ ಸಡಿಲಿಸಿ. ಪ್ಯಾರಲಲ್ (ಜಾಬ್ ಕೂರುವ ಪಟ್ಟಿ) ಕೆಳಗಿನ ಚಿಪ್ಸ್ ಊದಿ. ಜಾಬ್ ಕೂರಿಸಿ, ನೈಲಾನ್ ಸುತ್ತಿಗೆಯಲ್ಲಿ ತಟ್ಟಿ. ಈಗ ಅರ್ಧ ಬಿಗಿ ಸಾಕು. ಆಮೇಲೆ ರೆಫರೆನ್ಸ್ ಅಂಚು ಮತ್ತು ಝಡ್ (ಎತ್ತರ) ಮತ್ತೆ ಚೆಕ್ ಮಾಡಿ. ಇದನ್ನು ಬಿಟ್ಟರೆ ಒಂದು ಗೋಡೆಯಲ್ಲಿ 0.3, ಎದುರಿನದರಲ್ಲಿ 0.2 ಉಳಿಯುತ್ತದೆ.

ಬ್ರೈಟ್ ಬಾರ್, ತೆಳು ಪ್ಲೇಟ್ ಆದರೆ ಒಳಗೆ ಕೂತಿರುವ ಸ್ಟ್ರೆಸ್ ಬಿಡುಗಡೆಯಾಗಿ ಜಾಬ್ ತಾನಾಗಿಯೇ ಬಾಗುತ್ತದೆ. ಅಂಥ ಮಾಲಿಗೆ ಫೇಸ್‌ನಲ್ಲಿ 0.5ರಿಂದ 1 ಮಿಮೀ ಬಿಟ್ಟು, ಎರಡೂ ಬದಿ ರಫಿಂಗ್ ಮುಗಿಸಿ, ಒಂದು ರಾತ್ರಿ ಬಿಟ್ಟು ಆಮೇಲೆ ಫಿನಿಶಿಂಗ್‌ಗೆ ಹೋಗಿ.

## ಹಂತ 7: ಮೊದಲು ತಳ

ಚಿಪ್ಸ್ ಪೂರ್ತಿ ಊದಿ ತೆಗೆಯಿರಿ. ಪಾಕೆಟ್ ಒಳಗೆ ಬಿದ್ದ ಚಿಪ್ ಮತ್ತೆ ಟೂಲ್‌ಗೆ ಸಿಕ್ಕಿದರೆ ಗೋಡೆಯ ಮೇಲೆ ಗೀರು ಖಂಡಿತ.

ತಳ ಫಿನಿಶಿಂಗ್ ಮಾಡುವಾಗ ಟೂಲ್ ಗೋಡೆಗೆ ತಾಗಬಾರದು. ಗೋಡೆಯಲ್ಲಿ 0.25 ಇದೆ, ನೀವು ಪಾತ್ ಅನ್ನು 0.3 ದೂರ ಇಡಿ. ಬದಿ, ತಳ ಎರಡೂ ಒಟ್ಟಿಗೆ ತಾಗಿದರೆ ಚಾಟರ್ ಬರುವ ಸಾಧ್ಯತೆ ಜಾಸ್ತಿ.

ಆಮೇಲೆ ಗೋಡೆಯ ಪಾಸ್‌ಗಳಲ್ಲಿ ಟೂಲ್ ಅನ್ನು ತಳದಿಂದ 0.02 ಮೇಲೆ ಇಡಿ. ಮುಗಿಸಿದ ತಳಕ್ಕೆ ಗೀರು ಬೀಳುವುದಿಲ್ಲ. ಗೋಡೆಯ ಬುಡದಲ್ಲಿ ಕೂದಲೆಳೆಯಷ್ಟು ಮೆಟ್ಟಿಲು ಉಳಿಯುತ್ತದೆ. ಅಲ್ಲಿ ಇನ್ನೊಂದು ಪಾರ್ಟ್ ಬಂದು ಕೂರುತ್ತದಾ ಅಂತ ಡ್ರಾಯಿಂಗ್‌ನಲ್ಲಿ ನೋಡಿ. ಕೂರುವುದಾದರೆ ಸೊನ್ನೆಗೇ ಇಳಿಸಬೇಕು.

## ಹಂತ 8: ಅಳತೆ ಪಾಸ್

ಫಿನಿಶಿಂಗ್ ಟೂಲ್‌ನಲ್ಲಿ ನೇರ ಕೊನೆಯ ಅಳತೆಗೆ ಹೋಗಬೇಡಿ. ಮೊದಲು 0.1 ಬಿಟ್ಟು ಒಂದು ಪಾಸ್.

ಫಾನುಕ್ ಕಂಟ್ರೋಲ್‌ನಲ್ಲಿ ಜಿ41 (ಟೂಲ್ ರೇಡಿಯಸ್‌ನಷ್ಟು ಪಾತ್ ಅನ್ನು ಪಕ್ಕಕ್ಕೆ ಸರಿಸುವ ಕೋಡ್) ಹಾಕಿ ಬರೆದ ಪ್ರೋಗ್ರಾಮ್ ಇದ್ದರೆ ಪ್ರೋಗ್ರಾಮ್ ಮುಟ್ಟುವುದೇ ಬೇಡ. ಟೂಲ್ ರೇಡಿಯಸ್ ಇಡುವ ಡಿ ಆಫ್‌ಸೆಟ್‌ನಲ್ಲಿ ಜಾಮೆಟ್ರಿ ಅಂದರೆ ಮೂಲ ಅಳತೆ, ವೇರ್ ಅಂದರೆ ತಿದ್ದುಪಡಿ. ಜಾಮೆಟ್ರಿಯಲ್ಲಿ 5.000, ವೇರ್‌ನಲ್ಲಿ 0.100. ಟೂಲ್ ತನ್ನನ್ನು 5.1 ಅಂದುಕೊಂಡು ಗೋಡೆಯಿಂದ 0.1 ದೂರ ನಿಲ್ಲುತ್ತದೆ. ನಿಮ್ಮ ಮೆಷಿನ್‌ನಲ್ಲಿ ಡಿ ರೇಡಿಯಸ್ ಲೆಕ್ಕವಾ, ಡಯಾ ಲೆಕ್ಕವಾ ಅಂತ ಮೊದಲೇ ತಿಳಿದುಕೊಳ್ಳಿ. ಜಿ41 ಶುರುವಾಗುವ ಚಲನೆ ನೇರ ಗೆರೆಯಾಗಿರಬೇಕು, ಟೂಲ್ ರೇಡಿಯಸ್‌ಗಿಂತ ಉದ್ದ ಇರಬೇಕು. ಕಮಾನಿನ ಮೇಲೆ ಶುರು ಮಾಡಿದರೆ ಅಲಾರಂ ಬರುತ್ತದೆ.

ಪಾಸ್ ಆಯಿತು. ಕೂಲಂಟ್ ಒರೆಸಿ, ಬರ್ (ಅಂಚಿನಲ್ಲಿ ಎದ್ದ ಮುಳ್ಳು) ತೆಗೆದು ಅಳೆಯಿರಿ. 39.800 ಬರಬೇಕಿತ್ತು. ಬಂದದ್ದು 39.776 ಅನ್ನಿ. 0.024 ಕಡಿಮೆ, ಬದಿಗೆ 0.012. ಅಂದರೆ ಟೂಲ್ ಸವೆದಿರುವುದು, ಬಾಗುವುದು ಎಲ್ಲ ಸೇರಿ ಅದು 5.000 ಅಲ್ಲ, 4.988 ಇದ್ದಂತೆ ಕತ್ತರಿಸುತ್ತಿದೆ.

ನಮಗೆ ಬೇಕಾದ್ದು ಟಾಲರೆನ್ಸ್‌ನ ಮಧ್ಯ, 40.012. ಅದರ ಹೆಚ್ಚುವರಿ ಬದಿಗೆ 0.006. ಎರಡೂ ಕೂಡಿ 0.018. ವೇರ್‌ನಲ್ಲಿ 0.100 ಅಳಿಸಿ ಮೈನಸ್ 0.018 ಹಾಕಿ. ಇಷ್ಟೇ ಲೆಕ್ಕ. ವ್ಯತ್ಯಾಸವನ್ನು ಎರಡರಿಂದ ಭಾಗಿಸಲು ಮರೆತರೆ ಪಾಕೆಟ್ ದೊಡ್ಡದಾಗಿ ಪೀಸ್ ಹೋಯಿತು.

ಅಳತೆ ಪಾಸ್‌ನಲ್ಲಿ 0.15 ತೆಗೆದಿರಿ, ಕೊನೆಯ ಪಾಸ್‌ನಲ್ಲಿ ಸುಮಾರು 0.12 ತೆಗೆಯುತ್ತೀರಿ. ಎರಡೂ ಹತ್ತಿರ ಹತ್ತಿರ. ಬಾಗುವುದೂ ಹೆಚ್ಚು ಕಡಿಮೆ ಅಷ್ಟೇ. ಅದಕ್ಕೇ ಈ ಲೆಕ್ಕ ಕೆಲಸ ಮಾಡುತ್ತದೆ. ಅಳತೆ ಪಾಸ್‌ನಲ್ಲಿ 0.23 ತೆಗೆದು ಕೊನೆಗೆ 0.02 ಉಳಿಸಿಕೊಂಡರೆ ಎರಡಕ್ಕೂ ಸಂಬಂಧವೇ ಇರುವುದಿಲ್ಲ.

ಬಿಸಿಯನ್ನೂ ಗಮನಿಸಿ. ಅಲ್ಯೂಮಿನಿಯಂ ಒಂದು ಮೀಟರ್‌ಗೆ ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಜಾಬ್ 10 ಡಿಗ್ರಿ ಬಿಸಿಯಾಗಿದ್ದರೆ 40 ಮಿಮೀ ಅಗಲದಲ್ಲಿ 9 ಮೈಕ್ರಾನ್. ನಮ್ಮ ಟಾಲರೆನ್ಸ್‌ನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಕೈಗೆ ಬೆಚ್ಚಗೆ ಅನ್ನಿಸಿದರೆ ಕಾಯಿರಿ. ಹೊಸೂರಿನಲ್ಲಿ ಡಿಸೆಂಬರ್, ಜನವರಿ ಬೆಳಗಿನ ಚಳಿ ಗೊತ್ತಲ್ವಾ? ಮೊದಲ ಶಿಫ್ಟ್‌ನವರು ಸ್ಪಿಂಡಲ್ ಅನ್ನು 15–20 ನಿಮಿಷ ಸುಮ್ನೆ ಓಡಿಸಿ, ಆಮೇಲೆ ಆಫ್‌ಸೆಟ್ ತೆಗೆದುಕೊಳ್ಳಿ.

## ಹಂತ 9: ಕೊನೆಯ ಪಾಸ್, ಕಿವಿ ಕೊಟ್ಟು

ಪೂರ್ತಿ ಆಳ ಒಂದೇ ಸಲ, ಕ್ಲೈಂಬ್, ಕಮಾನಿನಲ್ಲಿ ಒಳಗೆ ಬಂದು ಕಮಾನಿನಲ್ಲೇ ಹೊರಗೆ. ನೇರ ಚುಚ್ಚಿ ಶುರು ಮಾಡಿದರೆ ಗೋಡೆಯಲ್ಲಿ ಒಂದು ನಿಂತ ಗೆರೆ ಉಳಿಯುತ್ತದೆ. ಜಿ41 ನೇರ ಗೆರೆಯಲ್ಲಿ ಹತ್ತಲಿ, ಅದರ ಮುಂದೆ ಕಮಾನು ಬರಲಿ.

ನಡುವೆ ಫೀಡ್ ಹೋಲ್ಡ್ (ಚಲನೆ ನಿಲ್ಲಿಸುವ ಬಟನ್) ಒತ್ತಬೇಡಿ, ಅಪಾಯ ಇದ್ದರೆ ಮಾತ್ರ. ನಿಂತ ಜಾಗದಲ್ಲಿ ಗುರುತು ಬೀಳುತ್ತದೆ.

ಕೇಳುತ್ತಿರಿ. ಒಂದೇ ಸಮನೆಯ ಸಣ್ಣ ಸದ್ದು ಸರಿ. ಉದ್ದಕ್ಕೂ ಕೀಚಲು ಸದ್ದು ಬಂದರೆ ಟೂಲ್ ಉಜ್ಜುತ್ತಿದೆ, ಸ್ಟಾಕ್ ಅಥವಾ ಫೀಡ್ ಕಡಿಮೆ. ಮೂಲೆಯಲ್ಲಿ ಮಾತ್ರ ಗುರ್ ಅಂದರೆ ಹಂತ 5 ಸರಿಯಾಗಿಲ್ಲ. ಚಿಪ್ಸ್ ಹಿಟ್ಟಿನ ಹಾಗೆ ಪುಡಿಯಾಗಿ ಬಂದರೆ ಅದೂ ಉಜ್ಜುವ ಲಕ್ಷಣ. ಗೋಡೆಯ ಮೇಲೆ ಅಲ್ಲಲ್ಲಿ ಮಾತ್ರ ಹೊಳೆಯುವ ತೇಪೆ ಕಂಡರೆ ಅಲ್ಲಿ ಸ್ಟಾಕ್ ಇರಲೇ ಇಲ್ಲ ಅಂತ ಅರ್ಥ. ಇಂಥ ಪೀಸ್‌ಗೆ ಮತ್ತೊಂದು ಪಾಸ್ ಹಾಕಿದರೂ ಉಪಯೋಗವಿಲ್ಲ. ಹಂತ 4ಕ್ಕೆ, ಹಂತ 6ಕ್ಕೆ ವಾಪಸ್ ಹೋಗಿ ನೋಡಿ.

ಆಫ್‌ಸೆಟ್ ಬದಲಿಸದೆ ಅದೇ ಪಾಸ್ ಮತ್ತೆ ಓಡಿಸುವ ಸ್ಪ್ರಿಂಗ್ ಪಾಸ್ ಬೇಕಾ ಅಂತ ಕೇಳುತ್ತಾರೆ. ಅಲ್ಯೂಮಿನಿಯಂನಲ್ಲಿ ಆಳದ ಗೋಡೆಗೆ ಒಂದು ಹಾಕಬಹುದು. ಎರಡನೇ ಸಲವೂ ಕಣ್ಣಿಗೆ ಕಾಣುವಷ್ಟು ಚಿಪ್ಸ್ ಬಂದರೆ ಟೂಲ್ ತುಂಬ ಬಾಗುತ್ತಿದೆ. 304ರಲ್ಲಿ ಹಾಕಲೇಬೇಡಿ, ಕಾರಣ ಮೇಲೆ ಹೇಳಿದ್ದೇನೆ.

## ಹಂತ 10: ಶೀಟ್‌ನಲ್ಲಿ ಬರೆದಿಡಿ

ನಮ್ಮ ಕಡೆ ಒಂದೇ ಮೆಷಿನ್‌ಗೆ ಹಗಲು ಕನ್ನಡದ ಹುಡುಗ, ರಾತ್ರಿ ತಮಿಳಿನವನು, ಮರುದಿನ ತೆಲುಗಿನವನು. ಶಿಫ್ಟ್ ಬದಲಾಗುವಾಗ ಬಾಯಲ್ಲಿ "ಪಾಯಿಂಟ್ ಟೂ ಬಿಟ್ಟಿದೀನಿ" ಅಂದರೆ ಬದಿಗಾ, ಒಟ್ಟಾ, ಗೋಡೆಗಾ, ತಳಕ್ಕಾ, ಗೊತ್ತಾಗುವುದಿಲ್ಲ. ಹೀಗೆ ಬರೆಯಿರಿ: ಗೋಡೆ 0.25 ಒಂದು ಬದಿಗೆ, ತಳ 0.15, ಅಳತೆ ಪಾಸ್ ವೇರ್ 0.100, ಕೊನೆಯ ವೇರ್ ಮೈನಸ್ 0.018, ಟೂಲ್ ಹೊರಗೆ 25, ಮೂಲೆ 8 ಮಿಮೀ ಟೂಲ್‌ನಲ್ಲಿ ಆಗಿದೆ.

ಎರಡನೇ ಪೀಸ್‌ಗೂ ಅಳತೆ ಪಾಸ್ ಹಾಕಿ. ಎರಡರಲ್ಲೂ ವ್ಯತ್ಯಾಸ 0.003 ಒಳಗೆ ಇದ್ದರೆ ಮೂರನೆಯದರಿಂದ ವೇರ್ ಬದಲಿಸದೆ ಎರಡೂ ಪಾಸ್ ಒಟ್ಟಿಗೆ ಓಡುವಂತೆ ಮಾಡಬಹುದು. ಅದಕ್ಕೆ ಅದೇ ಟೂಲ್‌ಗೆ ಎರಡು ಡಿ ನಂಬರ್ ಇಡಿ, ಒಂದರಲ್ಲಿ ಪ್ಲಸ್ 0.100, ಇನ್ನೊಂದರಲ್ಲಿ ಮೈನಸ್ 0.018. ಆಮೇಲೆ ಪ್ರತಿ ಹತ್ತನೇ ಪೀಸ್ ಅಳೆಯಿರಿ. ಅಳತೆ ನಿಧಾನವಾಗಿ ಕಡಿಮೆಯಾಗುತ್ತಾ ಹೋದರೆ ಟೂಲ್ ಸವೆಯುತ್ತಿದೆ, ಎರಡನೇ ಡಿ ತಿದ್ದಿ. ಒಮ್ಮೆಗೇ ಹಾರಿದರೆ ಡಿ ಮುಟ್ಟಬೇಡಿ. ಮೊದಲು ರಫಿಂಗ್ ಇನ್ಸರ್ಟ್ ತೆಗೆದು ಅದರ ಅಂಚು ನೋಡಿ.